ಹಿಮಕ್ಕೆ ಬಿಸಿಲು ಬೇಡಿದ ಅವ್ವ

ಸೂರ್ಯನನ್ನು ಬೈಯದೆ ರಾಯಚೂರಿನವರಿಗೆ ಬೇಸಿಗೆ ಕಳೆಯುವುದಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಮಾತ್ರ ಅವನಿಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು, ಕುಂಕುಮ, ಮೇಲೊಂದು ವಿನಂತಿ. ನನ್ನ ತಮ್ಮ ಸೈನ್ಯದಲ್ಲಿದ್ದ, ಹೆಸರು ಹೇಳಬಾರದಂಥ ಯಾವುದೋ ಹಿಮದ ಬೆಟ್ಟದ ಠಾಣೆಯಲ್ಲಿ. ಹುಟ್ಟಿದ ಮಗಳ ಮುಖವನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ. ರಜೆ ಸಿಕ್ಕಿತ್ತು, ಆದರೆ ಹಿಮ ಬಿದ್ದು ಇಳಿಯುವ ದಾರಿ ಮುಚ್ಚಿತ್ತು.

ಅವ್ವ ಗಬ್ಬೂರಿನ ಹೊಲದಲ್ಲಿ ಬೆಳೆದವಳು. ಜೋಳವಾಗಲಿ, ಮೆಣಸಿನಕಾಯಿಯಾಗಲಿ, ತೊಯ್ದ ಹತ್ತಿಯಾಗಲಿ, ಎಲ್ಲಕ್ಕೂ ಅವಳ ಬಳಿ ಇದ್ದದ್ದು ಒಂದೇ ಮದ್ದು: ಬಿಸಿಲಿಗೆ ಹಾಕುವುದು. ಈಗ ಹಿಮವನ್ನೂ ಬಿಸಿಲಿಗೆ ಹಾಕಿಸಲು ಹೊರಟಿದ್ದಳು.

"ಯಪ್ಪಾ, ಇಲ್ಲಿ ಸುಟ್ಟದ್ದು ಸಾಕು. ನನ್ನ ಮಗ ಇದ್ದಲ್ಲಿ ಒಂದೀಟು ಹೋಗಿ ಬಾ," ಎಂದು ಕೈಮುಗಿಯುತ್ತಿದ್ದಳು.

ನಾನು ಮಾನ್ವಿಯ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಹಿಮಾಲಯವನ್ನು ನಕಾಶೆಯ ಮೇಲೆ ಕೋಲಿನಿಂದ ಎಷ್ಟೋ ಸಲ ಹತ್ತಿಳಿದಿದ್ದೇನೆ. ನನಗೂ ಅವಳ ಲೆಕ್ಕ ಸರಿಯೆನಿಸಿತ್ತು. ಬಿಸಿಲು ಬಿದ್ದರೆ ಹಿಮ ಕರಗುತ್ತದೆ, ಅಷ್ಟು ತಿಳಿಯಲು ಡಿಗ್ರಿ ಬೇಕೆ?

ಒಂದು ದಿನ ತಮ್ಮ ಫೋನು ಮಾಡಿ, "ಯವ್ವಾ, ಇವತ್ತ ಇಲ್ಲಿ ಚಲೋ ಬಿಸಲು ಬಿದ್ದದ," ಎಂದ. ಅವ್ವ ಓಣಿಗೆಲ್ಲ ಹಂಚಲು ಸಕ್ಕರೆ ಡಬ್ಬಿ ಹಿಡಿದು ಎದ್ದೇಬಿಟ್ಟಳು.

ಡಬ್ಬಿಯ ಸದ್ದು ಕೇಳಿ ತಮ್ಮ ಫೋನಿನಲ್ಲೇ ತಡೆದ: "ಕುಂದ್ರು ಬೇ. ಬಿಸಲು ಬಿದ್ದದ್ದಕ್ಕ ಮತ್ತ ದಾರಿ ಬಂದ್ ಮಾಡ್ಯಾರ."

"ಯಾಕಲೇ?"

"ಹೊಸಾ ಹಿಮ ಹಳೇದಕ್ಕ ಇನ್ನಾ ಹತ್ತಿಲ್ಲ. ಎಣ್ಣಿ ಹಚ್ಚಿದ ಹಂಚಿನ ಮ್ಯಾಲೆ ದ್ವಾಸಿ ಕುಂತಂಗ ಕುಂತದ. ಬಿಸಲಿಗೆ ನೀರಾಗಿ ಭಾರ ಆತಂದ್ರ ಇಡೀ ಇಳಕಲು ಜಾರಿ ಬರತದ. ನಮ್ಮ ದಾರಿ ಅದರ ಕೆಳಗ. ರಾತ್ರಿ ಚಳಿಗೆ ಗಟ್ಟಿ ಆದ್ರ, ನಾಳಿ ಹೊತ್ತು ಮೂಡೂದ್ರೊಳಗ ದಾಟಸ್ತಾರ."

ಅವ್ವ ಡಬ್ಬಿ ಹಿಡಿದುಕೊಂಡೇ ಕೂತಳು. ಆ ಬಿಸಿಲನ್ನು ಕಳಿಸಿದವಳು ತಾನೇ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು.

ಮರುದಿನ ಬೆಳಕು ಹರಿಯುವ ಮುಂಚೆಯೇ ಅವಳು ಅಂಗಳದಲ್ಲಿ ನಿಂತಿದ್ದಳು. "ಯಪ್ಪಾ, ನಾ ಅಂದದ್ದು ಮರತುಬಿಡು. ಅಲ್ಲಿ ಹೋಗಬ್ಯಾಡ. ಎಷ್ಟು ಸುಡತೀಯೋ ನಮ್ಮನ್ನ ಸುಡು." ರಾಯಚೂರಿನಿಂದ ಇಂಥ ಅರ್ಜಿ ಹಿಂದೆ ಯಾರೂ ಹಾಕಿರಲಿಕ್ಕಿಲ್ಲ.

ಅರ್ಜಿ ಕೂಡಲೇ ಮಂಜೂರಾಯಿತು. ಶಾಲೆ ಬಿಟ್ಟು ಮಾನ್ವಿಯ ಬಸ್ ನಿಲ್ದಾಣಕ್ಕೆ ನಡೆಯುವಾಗ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ತಮ್ಮನ ಫೋನು ಇನ್ನೂ ಬಂದಿರಲಿಲ್ಲ. ಜೊತೆಗಿದ್ದ ಟೀಚರು, "ಛತ್ರಿ ಕೈಯಾಗ ಅದಲ್ರೀ, ತಗೀರಿ," ಎಂದರು. ನಾನು ಅದನ್ನು ಕಂಕುಳಲ್ಲಿ ಒತ್ತಿ ಹಿಡಿದೆ. ಇಲ್ಲಿ ಹೆಚ್ಚು ಬಿದ್ದ ಬಿಸಿಲು ಅಲ್ಲಿ ಕಡಿಮೆಯಾಗುವುದಿಲ್ಲವೆಂದು ಮಕ್ಕಳಿಗೆ ಪಾಠ ಮಾಡಬಲ್ಲೆ.

"ದಾಟೀನಿ, ಅಕ್ಕಾ," ಎಂಬ ತಮ್ಮನ ದನಿ ಕೇಳಿದಾಗ ನಾನು ಬಸ್ಸಿನಲ್ಲಿದ್ದೆ. ನೆರಳಿನ ಬದಿಯ ಸೀಟುಗಳು ಖಾಲಿಯಿದ್ದವು. ನಾನು ಬಿಸಿಲಿನ ಬದಿಯಲ್ಲಿ ಕೂತಿದ್ದೆ.