ಎತ್ತಿ ಮೇಲಿಟ್ಟ ಹೆಸರು

ಇಪ್ಪತ್ತೆರಡು ವರ್ಷ ತರಗತಿಯಲ್ಲಿ ನಾನು ಒಂದು ಸಂಗತಿ ಹೇಳುತ್ತ ಬಂದಿದ್ದೇನೆ. ಮೊಗಲರ ಕಾಲದಲ್ಲಿ ಶಿರಾದ ಕಚೇರಿಯಿಂದ ಹೊರಟ, ಪಾರ್ಸಿ ಭಾಷೆಯ ಒಂದು ಆಜ್ಞಾಪತ್ರದ ವಿಷಯ ಅದು. ಒಂದು ಮಠದ ಭೂಮಿಯನ್ನು ಹಿಂದಿನಂತೆಯೇ ಬಿಟ್ಟುಕೊಡಬೇಕು ಎಂಬ ಆಜ್ಞೆ. ಆ ಪತ್ರದ ತಲೆಯ ಮೇಲೆ ಬಾದಶಹನ ಹೆಸರಿನ ಪಕ್ಕದಲ್ಲೇ ಮಠದ ಸ್ವಾಮಿಗಳ ಹೆಸರನ್ನೂ ಬರೆದಿದ್ದರು ಎಂದು ನಾನು ಹೇಳುತ್ತಿದ್ದೆ. ವಿದ್ಯಾರ್ಥಿಗಳು ಮೊಬೈಲ್ ಕೆಳಗಿಟ್ಟು ಕೇಳಿಸಿಕೊಳ್ಳುತ್ತಿದ್ದ ಕೆಲವೇ ಮಾತುಗಳಲ್ಲಿ ಅದೊಂದು.

ಕಳೆದ ತಿಂಗಳು ಅದನ್ನೇ ಲೇಖನ ಮಾಡಿ ಒಂದು ಪತ್ರಿಕೆಗೆ ಕಳಿಸಿದೆ. ಅಚ್ಚಿಗೆ ಹೋಗುವ ಹಿಂದಿನ ದಿನ ಕರಡು ತಿದ್ದುವಾಗ ಆ ವಾಕ್ಯದ ಹತ್ತಿರ ಪೆನ್ನು ನಿಂತಿತು. ಸ್ವಾಮಿಗಳ ಹೆಸರು ಮೇಲಿದ್ದದ್ದನ್ನು ನಾನು ನಿಜವಾಗಿ ನೋಡಿದ್ದೆನೇ, ಅಥವಾ ಹೇಳಿ ಹೇಳಿ ನೋಡಿದಂತಾಗಿದೆಯೇ? ಮೂಲಪತ್ರ ಗೆದ್ದಲಿಗೆ ಹೋಗಿ ಬಹಳ ಕಾಲವಾಗಿತ್ತು. ನನ್ನ ಜೆರಾಕ್ಸ್ ಪ್ರತಿ, ಹೊಸ ತಿಪ್ಪಸಂದ್ರಕ್ಕೆ ಮನೆ ಬದಲಾಯಿಸಿದಾಗ ಕಳೆದುಹೋಗಿತ್ತು. ಬೇರೆ ನಕಲು ಉಳಿದಿದ್ದರೆ ಒಂದೇ ಕಡೆ ಉಳಿದಿರಬೇಕು: ಶಿವಾಜಿನಗರದಲ್ಲಿ, ನನಗೆ ಪಾರ್ಸಿ ಕಲಿಸಿದ ಉಸ್ತಾದರ ಮನೆಯಲ್ಲಿ.

ನಮ್ಮದು ಹಲಸೂರು. ಪಾರ್ಸಿ ಕಲಿಯುತ್ತೇನೆ ಎಂದಾಗ ಅಮ್ಮ, "ಅದನ್ನ ಕಲ್ತು ಯಾರ ಹತ್ರ ಮಾತಾಡ್ತೀಯಾ?" ಎಂದಿದ್ದಳು. ಸಂಶೋಧನೆಗೆ ಆ ಪತ್ರ ಬೇಕಿತ್ತು, ಓದಲು ಬರುತ್ತಿರಲಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ, ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಕಲಿಸುತ್ತಾರೆಂದು ಯಾರೋ ಹೇಳಿದರು. ಅವರದು ಒಂದೇ ನಿಯಮ. ಯಾವ ಪತ್ರವನ್ನಾದರೂ ಮೊದಲು ನಮ್ಮ ಕೈಯಲ್ಲಿ, ಇದ್ದದ್ದು ಇದ್ದ ಜಾಗದಲ್ಲೇ ನಕಲು ಮಾಡಬೇಕು. ಅರ್ಥ ಆಮೇಲೆ.

ನಕಲು ಮಾಡುವಾಗ ಎರಡು ಕಡೆ ಸಾಲಿನ ನಡುವೆ ಎರಡು ಬೆರಳಗಲ ಖಾಲಿ ಜಾಗ ಕಂಡಿತು. ನನಗೆ ಹಬ್ಬ. ಯಾರೋ ಅಧಿಕಾರಿ ಮಠದ ದೇವರ ಹೆಸರನ್ನು ಬೇಕೆಂದೇ ಅಳಿಸಿದ್ದಾನೆ, ಪರಧರ್ಮವನ್ನು ಸಾಮ್ರಾಜ್ಯ ಒರೆಸಿಹಾಕುವುದು ಹೀಗೆ ಎಂದು ಮೂವತ್ತು ಪುಟ ಬರೆದೆ. ಅದನ್ನು ಉಸ್ತಾದರಿಗೇ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಪ್ರೊಫೆಸರ್ ಸಾಬ್, ಮೂವತ್ತು ಪುಟ ಬರ್ದಿದ್ದೀರಿ. ಒಂದ್ಸಲ ಕಾಗದದ ತಲೆ ನೋಡ್ಲಿಲ್ವಾ?"

ಖಾಲಿ ಜಾಗದ ಮೇಲಿದ್ದ ಅವರ ಬೆರಳು ನೆಟ್ಟಗೆ ಪುಟದ ಮೇಲ್ತುದಿಗೆ ಹೋಗಿ ತಟ್ಟಿತು. ಅಲ್ಲಿ ಒಂಟಿಯಾಗಿ ಕೆಲವು ಪದಗಳಿದ್ದವು. ನಾನು ಅದನ್ನು ಶೀರ್ಷಿಕೆ ಎಂದುಕೊಂಡಿದ್ದೆ.

"ಅಳಿಸಿದ್ದಲ್ಲ ಬೇಟಾ, ಎತ್ತಿ ಮೇಲಿಟ್ಟಿದ್ದು. ದೊಡ್ಡೋರ ಹೆಸ್ರು ಬೇರೆ ಮಾತಿನ ಮಧ್ಯೆ ಕೂರಬಾರ್ದು ಅಂತ ಪತ್ರ ಬರಿಯೋ ಮುನ್ಷಿಗಳ ಪದ್ಧತಿ. ಓದೋನು ಇಲ್ಲಿ ನಿಲ್ಬೇಕು, ಮೇಲೆ ಹೋಗಿ ಓದ್ಬೇಕು, ತಿರ್ಗಾ ಇಳ್ದು ಬರ್ಬೇಕು. ಚಹಾ ಆರ್ತಾ ಇದೆ, ಕುಡೀರಿ."

ಅಷ್ಟೇ. ಆ ಮೂವತ್ತು ಪುಟಗಳ ಸುದ್ದಿಯನ್ನು ಅವರು ಮತ್ತೆ ಎತ್ತಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನನ್ನ ಪದವಿ ಉಳಿದದ್ದು ಆ ಚಹಾದ ಹೊತ್ತಿನಲ್ಲಿ.

ಉಸ್ತಾದರು ಈಗಿಲ್ಲ. ಆ ಮನೆಯಲ್ಲಿ ಅವರ ಮಗಳಿದ್ದಾರೆ. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ನನಗಿಂತ ಹಿರಿಯರು; ಆಗಿನಿಂದಲೂ ನನಗೆ ಆಪಾ, ಅಂದರೆ ಅಕ್ಕ. ಅಂದೇ ಮಧ್ಯಾಹ್ನ ಮಾರುಕಟ್ಟೆಯ ಹೂವಿನ ಬುಟ್ಟಿಗಳನ್ನು ದಾಟಿ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದವರು ಒಂದು ಕ್ಷಣ ನೋಡಿದರು.

"ಓಹೋ, ಪ್ರೊಫೆಸರ್ ಸಾಬ್. ದಾರಿ ಇನ್ನೂ ನೆನಪಿದೆಯಾ?"

"ದಾರಿ ಇದೆ ಆಪಾ, ಬೇರೆಯದ್ದೇ ಅನುಮಾನ."

ಕಾರಣ ಹೇಳಿದೆ. ಅವರು ಬೀರುವಿನಿಂದ ಕಂದು ಕಾಗದದ ಹೊದಿಕೆಯ ಉದ್ದನೆ ನೋಟ್‌ಬುಕ್ ತಂದರು. "ನಮ್ಮ ಅಬ್ಬಾ ಯಾರ ಕಾಪೀನೂ ಬಿಸಾಕ್ತಿರ್ಲಿಲ್ಲ. ಇದು ನಿನ್ನ ಕೋಳಿ ಕಾಲೇ ಅಲ್ವಾ?"

ನನ್ನದೇ ಅಕ್ಷರ. ಎರಡು ಖಾಲಿ ಜಾಗಗಳಲ್ಲೂ ನಾನು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆ, ಅದರಿಂದ ಮೇಲಕ್ಕೆ ಉಸ್ತಾದರ ಪೆನ್ಸಿಲ್ ಬಾಣ. ಮೇಲ್ತುದಿಯಲ್ಲಿ ಎರಡು ಹೆಸರುಗಳಿದ್ದದ್ದು ನಿಜ. ಒಂದು ಬಾದಶಹನದು. ಇನ್ನೊಂದು ಅವನ ತಂದೆಯದು. ಸ್ವಾಮಿಗಳ ಹೆಸರು ಮೂರನೆಯ ಸಾಲಿನಲ್ಲಿ, ಹೊಲ, ಕೆರೆ, ಗಡಿಗಳ ಜೊತೆಗೆ ಸುಮ್ಮನೆ ಕೂತಿತ್ತು. ಅದರ ಮುಂದೆ, ಭೂಮಿಯನ್ನು ಹಿಂದಿನಂತೆ ಅನುಭವಿಸುತ್ತ ಸಾಮ್ರಾಜ್ಯದ ಏಳಿಗೆಗೆ ಪ್ರಾರ್ಥಿಸುತ್ತಿರಲಿ ಎಂದಿತ್ತು.

"ಯಾಕೋ, ಮುಖ ಸಪ್ಪಗಾಯ್ತು?"

"ಸ್ವಾಮಿಗಳ ಹೆಸ್ರು ಮೇಲಿತ್ತು ಅಂತ ಇಷ್ಟು ವರ್ಷ ಪಾಠ ಮಾಡಿದ್ದೀನಿ ಆಪಾ."

"ಅಬ್ಬಾ ಹಂಗೆ ಹೇಳಿದ್ರಾ?"

"ಇಲ್ಲ. ನಾನೇ ಎತ್ತಿಟ್ಟೆ ಅನ್ಸುತ್ತೆ."

ಅವರು ನಕ್ಕುಬಿಟ್ಟರು. "ಅಬ್ಬಾ ಇದ್ದಿದ್ರೆ ಹತ್ತು ಸಲ ಕಾಪಿ ಮಾಡಿಸ್ತಿದ್ರು ನಿನ್ನ ಕೈಲಿ. ಓದು ನೋಡೋಣ, ನೆನಪಿದೆಯಾ ಅಂತ."

ತಡವರಿಸುತ್ತ ಓದಿದೆ. ಮೊದಲ ಖಾಲಿ ಜಾಗವನ್ನು ಹಾರಿ ಮುಂದಿನ ಪದಕ್ಕೆ ಹೋದೆ. ಆಪಾ ಪುಟದ ಮೇಲ್ತುದಿಯನ್ನು ಬೆರಳಿನಿಂದ ತಟ್ಟಿದರು. ಉಸ್ತಾದರದೇ ತಟ್ಟುವಿಕೆ. ಮೇಲೆ ಹೋದೆ, ಓದಿದೆ, ಇಳಿದು ಬಂದೆ.

ಮೊದಲು ಆ ಮುನ್ಷಿಯನ್ನು ದುಷ್ಟ ಮಾಡಿದ್ದೆ, ಆಮೇಲೆ ಸಂತ ಮಾಡಿದೆ. ಅವನು ತನ್ನ ಕಚೇರಿಯ ಪದ್ಧತಿಯಂತೆ ಒಡೆಯರನ್ನು ಮೇಲಿಟ್ಟಿದ್ದ. ಮಠಕ್ಕೆ ಹೊಲ ಉಳಿಸಿದ್ದ, ಬದಲಿಗೆ ಪ್ರಾರ್ಥನೆ ಕೇಳಿದ್ದ. ಇದನ್ನು ಎರಡು ಸಲವೂ ನನಗೆ ತೋರಿಸಿಕೊಟ್ಟದ್ದು ಈ ಮಹಡಿಯೇ. ಎರಡು ಸಲವೂ ಇಲ್ಲಿಯವರು ನಾನು ಕುಗ್ಗದ ಹಾಗೆ ನೋಡಿಕೊಂಡರು.

ಅಲ್ಲಿಂದಲೇ ಸಂಪಾದಕರಿಗೆ ಫೋನ್ ಮಾಡಿದೆ.

"ಸಾರ್, ಆ ವಾಕ್ಯನೇ ಚೆನ್ನಾಗಿತ್ತಲ್ಲ," ಎಂದರು.

"ಚೆನ್ನಾಗೇನೋ ಇತ್ತು, ನಿಜ ಅಲ್ಲ. ಸಂಜೆ ಒಳಗೆ ಬೇರೆ ಬರ್ದು ಕಳಿಸ್ತೀನಿ. ತರಗತೀಲಿ ಹೇಳಿದ್ದೂ ತಪ್ಪು ಅಂತ ಅದ್ರಲ್ಲೇ ಇರುತ್ತೆ."

ಪುಟದ ಫೋಟೋ ತೆಗೆಯಲು ಮೊಬೈಲ್ ಎತ್ತಿದಾಗ ಆಪಾ ತಲೆಯಾಡಿಸಿದರು. "ಫೋಟೋ ಬೇಡ. ಮತ್ತೆ ಕಳ್ಕೊಂಡ್ಬಿಡ್ತೀಯ. ಕೂತ್ಕೊಂಡು ಬರ್ಕೋ."

ಬಿಳಿ ಹಾಳೆ, ಪೆನ್ನು ಮುಂದಿಟ್ಟು ಚಹಾ ಮಾಡಲು ಒಳಗೆ ಹೋದರು. ನಾನು ಕಿಟಕಿಯ ಬಳಿ ಕೂತು ಮೊದಲ ಸಾಲು ಬರೆಯತೊಡಗಿದೆ. ಖಾಲಿ ಜಾಗ ಬಂದಾಗ ಹಾಳೆಯ ಮೇಲೆ ಎರಡು ಬೆರಳಿಟ್ಟು ಅಳೆದು, ಅಷ್ಟನ್ನು ಬಿಟ್ಟು, ಮುಂದಿನ ಪದ ಬರೆದೆ.