ಅಣ್ಣನ ಕಾರ್ಟಿಗೆ ಗುದ್ದಿದ ದಿನ

ನಾನು ಗುದ್ದಿಯೇ ಗೆದ್ದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೋಹಾದ ನಮ್ಮ ಕನ್ನಡದವರಲ್ಲಿ ಅರ್ಧ ಜನ ನಾನದನ್ನು ಒಪ್ಪಿಕೊಳ್ಳುವುದಿಲ್ಲ ಎಂದೇ ಇವತ್ತಿಗೂ ತಿಳಿದಿದ್ದಾರೆ. ಒಪ್ಪುತ್ತೇನೆ. ನಮ್ಮವರ ಕಾರ್ಟ್ ರೇಸಿನ ಕೊನೆಯ ಸುತ್ತಿನ ಹೇರ್‌ಪಿನ್ ತಿರುವಿನಲ್ಲಿ ನನ್ನ ಕಾರ್ಟಿನ ಮೂತಿಯನ್ನು ಅಣ್ಣನ ಕಾರ್ಟಿನ ಹಿಂಬದಿಗೆ ಇಟ್ಟು ದೂಡಿದೆ. ಅವರು ಅಗಲಕ್ಕೆ ಜಾರಿ ಟೈರುಗಳ ಗೋಡೆಗೆ ತಾಗಿದರು. ನಾನು ಒಳಗಿನಿಂದ ನುಗ್ಗಿ ಹೋದೆ, ಗೆದ್ದೆ. ತಪ್ಪಾಯಿತು ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರು, ನಮಗೆಲ್ಲ ಪಾಸ್‌ಪೋರ್ಟ್ ಆಗುವುದಕ್ಕೂ ಮೊದಲೇ ಖತಾರಿಗೆ ಬಂದವರು. ಹೊಸಬರಿಗೆ ಮನೆ ಹುಡುಕಿಕೊಡುವುದು, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ತೀರಿಕೊಂಡವರನ್ನು ಊರಿಗೆ ಕಳಿಸಲು ಕಚೇರಿಯಿಂದ ಕಚೇರಿಗೆ ಅಲೆಯುವುದು, ಎಲ್ಲದಕ್ಕೂ ಅವರೇ. ಹಾಗಾಗಿ ನಲವತ್ತರವರೂ ಅವರನ್ನು ಅಣ್ಣ ಎನ್ನುತ್ತಾರೆ, ಇಪ್ಪತ್ತರವರೂ ಅಣ್ಣ ಎನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿಯ ಡ್ರೈವಿಂಗ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಅಳುತ್ತ ಕೂತಿದ್ದ ನನಗೆ ಧೈರ್ಯ ತುಂಬಿದವರೂ ಅವರೇ. "ಹಿಂದಿನವ ಲೈಟ್ ಹೊಡೆದ ಅಂತ ಹೆದರಿ ಸೈಡಿಗೆ ಹೋಗ್ಬೇಡ. ರಸ್ತೆ ನಿಂದು ಸಹ ಅಲ್ವಾ?" ಎಂದಿದ್ದರು. ಲೈಸೆನ್ಸ್ ಸಿಕ್ಕ ಮೇಲೆ ನಾನು ಹಿಂತಿರುಗಿ ನೋಡಲಿಲ್ಲ. ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸ ನನಗೆ. ಅಲ್ ಮನ್ಸೂರಾದ ಮನೆಯಿಂದ ಇಂಡಸ್ಟ್ರಿಯಲ್ ಏರಿಯಾಕ್ಕೆ ದಿನವೂ ಟ್ರೇಲರುಗಳ ನಡುವೆ ನುಸುಳಿಕೊಂಡು ಹೋಗಿಬರುವವಳು. ಲ್ಯಾಂಡ್ ಕ್ರೂಸರಿನವನು ಹಿಂದೆ ಬಂದು ಎಷ್ಟೇ ಲೈಟು ಮಿನುಗಿಸಲಿ, ನನಗೆ ಸರಿಕಂಡಾಗಲೇ ದಾರಿ ಬಿಡುವುದು.

ಅಣ್ಣನಿಗೆ ಒಂದು ಹುಚ್ಚು. ಅಮೆರಿಕದ ಸ್ಟಾಕ್ ಕಾರ್ ರೇಸು. ಹಿಂದೊಮ್ಮೆ ಅವರ ಮೇಲಧಿಕಾರಿಯಾಗಿದ್ದ ಅಮೆರಿಕದವನೊಬ್ಬ ಅಂಟಿಸಿಹೋದ ರೋಗವಂತೆ. ನೋಡಲು ರಸ್ತೆಯ ಕಾರುಗಳಂತೆಯೇ ಇರುವ ಕಾರುಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೇ ತಿರುಗುವ ಆಟ. ಅಲ್ಲಿ ರೇಸು ನಡೆಯುವಾಗ ನಮಗಿಲ್ಲಿ ನಿದ್ದೆಯ ಹೊತ್ತು, ಬೆಳಗಾದರೆ ಆಫೀಸು. ಅದಕ್ಕೆ ದೋಹಾ ಅಲ್ ಜದೀದಾ ಬಡಾವಣೆಯಲ್ಲಿರುವ ಅಣ್ಣನ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಎಲ್ಲರೂ ಸೇರಿ ವಾರದ ರೇಸನ್ನು ದೊಡ್ಡ ಟೀವಿಯಲ್ಲಿ ಹಾಕಿಕೊಂಡು ನೋಡುವುದು. ಕಾನೂನು ಒಂದೇ: ಫಲಿತಾಂಶವನ್ನು ಮೊದಲೇ ಮೊಬೈಲಿನಲ್ಲಿ ನೋಡಿಕೊಂಡು ಬಂದವರಿಗೆ ಅತ್ತಿಗೆಯ ನೀರುದೋಸೆ ಇಲ್ಲ. ಒಮ್ಮೆ ನನ್ನ ಗಂಡ ಬಾಯಿತಪ್ಪಿ ಹೇಳಿಬಿಟ್ಟು ಬರೀ ಚಹಾ ಕುಡಿದು ಎದ್ದಿದ್ದಾರೆ.

ಆ ವರ್ಷ ಹಳದಿ ಕಾರಿನವನೊಬ್ಬನ ಮೇಲೆ ನಮ್ಮಲ್ಲಿ ಎರಡು ಪಕ್ಷ. ಅವನು ಕೊನೆಯ ಸುತ್ತಿನಲ್ಲಿ ಮುಂದಿನವನ ಬಂಪರಿಗೆ ಗುದ್ದಿ ಜಾಗ ಮಾಡಿಕೊಂಡು ಗೆಲ್ಲುವವನು. ಒಂದು ಶುಕ್ರವಾರ ಅವನು ಹೀಗೆ ಗೆದ್ದದ್ದನ್ನು ನೋಡಿ ಅಣ್ಣ ರಿಮೋಟನ್ನು ಸೋಫಾದ ಮೇಲೆ ಎಸೆದರು.

"ಇದು ಗೆಲುವಾ ಮಾರಾಯ? ಗುದ್ದಿ ಗೆಲ್ಲಲಿಕ್ಕೆ ಎಂತ, ಲಾರಿಯವನಿಗೂ ಆಗ್ತದೆ."

ಬೆಂಗಳೂರಿನವರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ, ದೊಡ್ಡ ಆಫೀಸಿನಲ್ಲಿ ಮ್ಯಾನೇಜರು. ಅವರು ಹಳದಿ ಕಾರಿನ ಪಕ್ಷ. "ದಾರಿ ಬಿಡಲ್ಲ ಅಂದ್ರೆ ತಗೋಬೇಕು ಸಾರ್. ಅವನೇನು ರೇಸಿಗೆ ಬಂದಿದಾನಾ, ಸತ್ಯನಾರಾಯಣ ಪೂಜೆಗೆ ಬಂದಿದಾನಾ?" ಎಂದು ತೊಡೆ ತಟ್ಟಿದರು. ನಾನೂ ಜೋರಾಗಿ ಅವರ ಜೊತೆಗೇ ಸೇರಿಕೊಂಡೆ. ಅತ್ತಿಗೆ ಅಡುಗೆಮನೆಯಿಂದಲೇ ಕೇಳಿದರು: "ಗುದ್ದಿಸಿಕೊಂಡವ ಎಂತ ಮಾಡ್ತಿದ್ದ? ನಿದ್ದೆಯಾ?"

ಮುಂದಿನ ವಾರವೇ ನಮ್ಮ ಕನ್ನಡದವರ ವರ್ಷದ ಕಾರ್ಟ್ ರೇಸು. ಕಾರ್ಟ್ ಎಂದರೆ ಬಾಗಿಲು, ಮಾಡು ಏನೂ ಇಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಬಂಡಿ. ಬಾಡಿಗೆಗೆ ಸಿಗುತ್ತದೆ. ಚಳಿ ಶುರುವಾಗುವಾಗ ಎಲ್ಲರೂ ಕುಟುಂಬ ಸಮೇತ ಹೋಗಿ, ಚೀಟಿ ಎತ್ತಿ ಕಾರ್ಟ್ ಹಂಚಿಕೊಂಡು ಓಡಿಸುವುದು ವಾಡಿಕೆ. ಪ್ರತಿವರ್ಷ ಗೆಲ್ಲುವವರು ಅಣ್ಣ. ಅವರ ಮನೆಯ ಶೋಕೇಸಿನಲ್ಲಿ ಆ ಕಪ್ಪುಗಳದ್ದೇ ಒಂದು ಸಾಲು. ನಾನು ಅಷ್ಟು ವರ್ಷ ಬೇಲಿಯಾಚೆ ಚಕ್ಕುಲಿ ಹಂಚುತ್ತಿದ್ದವಳು, ಆ ಸಲ ಹೆಸರು ಕೊಟ್ಟೆ.

ಒಂದೊಂದೇ ಕಾರ್ಟನ್ನು ದಾಟಿಕೊಂಡು ನಾನು ಅಣ್ಣನ ಬೆನ್ನಿಗೆ ಬಂದೆ. ಅವರು ನೇರ ದಾರಿಯಲ್ಲಿ ಚೆನ್ನಾಗಿಯೇ ಹೋಗುತ್ತಿದ್ದರು, ಹೇರ್‌ಪಿನ್ ಬಂದರೆ ಮಾತ್ರ ದಿಬ್ಬಣದ ಬಸ್ಸು ತಿರುಗಿಸಿದ ಹಾಗೆ ನಿಧಾನ. ಎರಡು ಸಲ ಪಕ್ಕದಿಂದ ಹೋಗಲು ನೋಡಿದೆ, ಎರಡು ಸಲವೂ ಅಡ್ಡ ಬಂದರು. ಅಡ್ಡ ಬರುವುದು ತಪ್ಪಲ್ಲ, ರೇಸಲ್ಲವೇ. ಮೂರನೆಯ ಸಲ ನಾನು ಕೇಳಲು ಹೋಗಲಿಲ್ಲ. ಗೆರೆ ದಾಟಿದಾಗ ಹೆಲ್ಮೆಟ್ಟಿನ ಒಳಗೆ ನಾನು ಕಿರುಚಿದ್ದು ನನ್ನ ಕಿವಿಗೇ ಗುಂಯ್ಗುಟ್ಟಿತು. ಟ್ರ್ಯಾಕಿನ ಮಾರ್ಷಲ್, ಕೀನ್ಯಾದವನು, ಬೆರಳು ತೋರಿಸಿ ಎಚ್ಚರಿಕೆ ಕೊಟ್ಟು, ಫಲಿತಾಂಶ ಬದಲಾಗುವುದಿಲ್ಲ, ಖಲಾಸ್ ಎಂದು ಹೊರಟುಹೋದ.

ಬೇಲಿಯಾಚೆ ಮಾತ್ರ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅಣ್ಣನ ಸುತ್ತ ನಿಂತು ಅವರ ಮೊಣಕೈ ನೋಡುತ್ತಿದ್ದರು. ಮ್ಯಾನೇಜರು ನನ್ನ ಹತ್ತಿರ ಬಂದು, "ಏನ್ ಮೇಡಂ ಇದು, ಹಿರಿಯರು ಅವರು. ಹಿಂಗಾ ಮಾಡೋದು?" ಎಂದರು.

"ಹೋದ ವಾರ ಸತ್ಯನಾರಾಯಣ ಪೂಜೆ ಅಂದ್ರಲ್ಲ ನೀವು?"

"ಅದು ಬೇರೆ ಮೇಡಂ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಮೆರಿಕದವನು ಗುದ್ದಿದರೆ ಕಲೆ, ನಾನು ಗುದ್ದಿದರೆ ಸಂಸ್ಕಾರ ಇಲ್ಲದವಳು. ಆ ವಾರವಿಡೀ ವಾಟ್ಸ್ಯಾಪಿನ ಗುಂಪಿನಲ್ಲಿ ಇದೇ ಚರ್ಚೆ. ಕಲಿಸಿದವರಿಗೇ ತಿರುಮಂತ್ರ ಎಂದರು ಕೆಲವರು. ಕಾರ್ಟು ಬಾಡಿಗೆಯದ್ದು, ಮರ್ಯಾದೆ ಬಾಡಿಗೆಗೆ ಸಿಗುವುದಿಲ್ಲ ಎಂದರು ಇನ್ನೊಬ್ಬರು. ಕೊನೆಗೆ ತೀರ್ಮಾನ ನನ್ನ ಗಂಡನ ಮೂಲಕ ಬಂತು: ರಾಜ್ಯೋತ್ಸವದ ವೇದಿಕೆಯಲ್ಲಿ ಕಪ್ ತೆಗೆದುಕೊಳ್ಳುವ ಮೊದಲು ನಾನು ಮೈಕಿನಲ್ಲಿ ಅಣ್ಣನಿಗೆ ಸಾರಿ ಹೇಳಬೇಕು. ಇಲ್ಲದಿದ್ದರೆ, ಪ್ರತಿವರ್ಷ ಇಲ್ಲಿಯ ಮಲಯಾಳಿಗಳ ತಂಡಗಳ ವಿರುದ್ಧ ಪಾಳಿಯ ಮೇಲೆ ಕಾರ್ಟ್ ಓಡಿಸಲು ಹೋಗುವ ನಮ್ಮ ತಂಡದಲ್ಲಿ ನನಗೆ ಜಾಗವಿಲ್ಲ.

"ಸಾರಿ ಹೇಳಿದ್ರೆ ನಿನ್ನ ಗಂಟು ಎಂತ ಹೋಗ್ತದೆ?" ಎಂದರು ಗಂಡ.

"ಹೋಗ್ತದೆ. ಆ ಮೇಲೆ ನಾನು ಗೆದ್ದದ್ದು ಅಂತ ಹೇಗೆ ಹೇಳುದು?"

ಆ ತಂಡದ ಜಾಗ ನನಗೆ ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳುವಷ್ಟು ಬೇಕಿತ್ತು. ಮೂವತ್ತಾರು ವರ್ಷದಲ್ಲಿ ಯಾವ ಆಟದಲ್ಲೂ ಯಾರೂ ನನ್ನನ್ನು ತಂಡಕ್ಕೆ ಕರೆದಿರಲಿಲ್ಲ. ಆದರೆ ಗೆಲುವನ್ನು ತಪ್ಪು ಎಂದು ನಾನೇ ಒಪ್ಪಿಕೊಂಡು, ಆ ತಪ್ಪಿನ ಬಲದಿಂದ ಜಾಗ ಹಿಡಿಯುವುದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲಕ್ಕಿಂತ ನೋವು ಕೊಟ್ಟದ್ದು ಅಣ್ಣ ಒಂದು ಫೋನೂ ಮಾಡದಿದ್ದದ್ದು.

ಶುಕ್ರವಾರ ಹೋಗುವುದೋ ಬೇಡವೋ ಎಂದುಕೊಳ್ಳುತ್ತಲೇ ಹೋದೆ. ಆ ದಿನ ಟೀವಿಯಲ್ಲಿ ಅಮೆರಿಕವಿಲ್ಲ. ಅತ್ತಿಗೆ ಬೇಲಿಯ ಪಕ್ಕ ನಿಂತು ಮೊಬೈಲಿನಲ್ಲಿ ತೆಗೆದಿದ್ದ ನಮ್ಮದೇ ರೇಸು. ನನ್ನ ತಪ್ಪನ್ನು ನನಗೇ ತೋರಿಸಿ ಒಪ್ಪಿಸುವ ಉತ್ಸಾಹದಲ್ಲಿ ಮ್ಯಾನೇಜರೇ ಹಾಕಿದ್ದರು. ನನ್ನ ಕಾರ್ಟು ತಾಗುವ ಜಾಗಕ್ಕೆ ಬಂದಾಗ ನಿಲ್ಲಿಸಿ, "ನೋಡಿ ಮೇಡಂ, ನೀವೇ ನೋಡಿ" ಎಂದರು.

"ನೋಡಿದೆ. ಚಂದ ಉಂಟು," ಎಂದೆ ನಾನು.

ಅಣ್ಣ ಟೀವಿಯ ಹತ್ತಿರಕ್ಕೆ ಸರಿದು ಕೂತರು. "ಮುಂದೆ ಬಿಡು," ಎಂದರು. ವಿಡಿಯೋ ಮುಂದುವರಿಯಿತು. ಅಣ್ಣನ ಕಾರ್ಟು ಟೈರಿನ ಗೋಡೆಗೆ ತಾಗಿ ನಿಂತಿದೆ. ಹಿಂದಿನಿಂದ ಬಂದ ಇನ್ನೊಂದು ಕಾರ್ಟಿನ ಮುಂದೆ ಇಡೀ ರಸ್ತೆ ಖಾಲಿ ಬಿದ್ದಿದೆ. ಆದರೂ ಅದು ಬಂದು ಬ್ರೇಕ್ ಹಾಕಿ ಕಾದಿದೆ. ಅದರ ಹಿಂದೆ ಮತ್ತೊಂದು. ಅಣ್ಣ ಹಿಂದೆ ಸರಿದು, ತಿರುಗಿಸಿಕೊಂಡು, ದಾರಿಗೆ ಬಂದು ಹೊರಟ ಮೇಲೆ ಎರಡೂ ಸಾಲಾಗಿ ಹಿಂಬಾಲಿಸಿವೆ.

"ಇದು ಯಾರು ನಿಂತದ್ದು?" ಎಂದು ಕೇಳಿದರು ಅಣ್ಣ.

"ನಾನೇ ಸಾರ್."

"ಎಂತಕ್ಕೆ?"

"ನೀವು ಟ್ರ್ಯಾಕಿಗೆ ವಾಪಸ್ ಬರ್ಲಿ ಅಂತ. ನಿಮ್ಮನ್ನ ಅಲ್ಲೇ ಬಿಟ್ಟು ಮುಂದೆ ಹೋಗಕ್ಕಾಗತ್ತಾ ಸಾರ್?" ಮ್ಯಾನೇಜರು ಹೆಮ್ಮೆಯಿಂದಲೇ ಹೇಳಿದರು. ಸಂಸ್ಕಾರ ಎಂದರೆ ಹೀಗಿರಬೇಕು ಎನ್ನುವಂತೆ ನನ್ನ ಕಡೆ ನೋಡಿದರು ಬೇರೆ.

"ಕಳೆದ ವರ್ಷ?"

"ಯಾವಾಗ್ಲೂ ಹಂಗೇ ಅಲ್ವಾ ಸಾರ್."

ಹೇಳಿದ ಮೇಲೆ ಅವರಿಗೂ ಗೊತ್ತಾಯಿತು ಏನು ಹೇಳಿದೆನೆಂದು. ಅಣ್ಣ ಒಬ್ಬೊಬ್ಬರ ಮುಖ ನೋಡುತ್ತ ಬಂದರು. ನನ್ನ ಗಂಡ ತಟ್ಟೆಯ ಚಟ್ನಿಯಲ್ಲಿ ಬೆರಳಾಡಿಸುತ್ತಿದ್ದರು. ಪಂಕ್ತಿಯಲ್ಲಿ ಹಿರಿಯರು ಕೈಯಿಡುವ ತನಕ ಯಾರೂ ಅನ್ನ ಮುಟ್ಟದ ಹಾಗೆ, ಇಷ್ಟು ವರ್ಷ ಈ ಗಂಡಸರು ಯಾರೂ ಯಾರಿಗೂ ಹೇಳದೆ, ಮಾತಾಡಿಕೊಳ್ಳದೆ, ರೇಸಿನಲ್ಲೂ ಅವರಿಗೆ ಮೊದಲ ಜಾಗ ಬಿಟ್ಟುಕೊಂಡೇ ಬಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಅಣ್ಣ ಶೋಕೇಸಿನ ಕಡೆ ನೋಡಿ ಕಣ್ಣು ಕೆಳಗಿಳಿಸಿದರು. ನನಗೆ ಸಿಟ್ಟು ಬಂತು. ನನ್ನ ಮೇಲಿನ ದೂರು ಹಾಳಾಗಿ ಹೋಗಲಿ, ಆ ಮನುಷ್ಯನಿಗೆ ಇದಾಗಬಾರದಿತ್ತು.

ಅವರು ನನ್ನ ಕಡೆ ತಿರುಗಿದರು. "ನೀನು ಹೇಳು. ಆ ತಿರುವಲ್ಲಿ ನಾನು ಸ್ಲೋ ಉಂಟಾ?"

ಮೇಜಿನಡಿ ಗಂಡನ ಕಾಲು ನನ್ನ ಕಾಲನ್ನು ಒತ್ತಿತು. ಒಂದು ಸುಳ್ಳು ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು, ತಂಡದ ಜಾಗವೂ ಸಿಗುತ್ತಿತ್ತೇನೋ. ಹಿಂದಿನವನಿಗೆ ಹೆದರಬೇಡ ಎಂದು ಕಲಿಸಿದವರಿಗೆ ಹೇಗೆ ಸುಳ್ಳು ಹೇಳಲಿ?

"ಸ್ಲೋ ಅಣ್ಣ. ಬ್ರೇಕ್ ತುಂಬ ಬೇಗ ಒತ್ತುತ್ತೀರಿ. ಮತ್ತೆ ದಾರಿಯೂ ಬಿಡುದಿಲ್ಲ."

ಅತ್ತಿಗೆ ಸಟ್ಟುಗ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಅಣ್ಣ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಇವಳು ಸಾರಿ ಹೇಳುದು ಬೇಡ. ನನ್ನೊಟ್ಟಿಗೆ ರೇಸ್ ಮಾಡಿದ್ದು ಇವಳೊಬ್ಬಳೇ. ಗುದ್ದಿದ್ದು ಸರಿ ಅಂತ ನಾನು ಹೇಳುದಿಲ್ಲ, ಹಳದಿಯವನದ್ದೂ ಸರಿಯಲ್ಲ. ಆದ್ರೆ ನೀವೆಲ್ಲ ಮಾಡಿದ್ದು ಅದಕ್ಕಿಂತ ಅನ್ಯಾಯ." ಮ್ಯಾನೇಜರು ಏನೋ ಹೇಳಲು ಬಾಯಿ ತೆರೆದರು. "ನೀನು ದೋಸೆ ತಿನ್ನು," ಎಂದು ಅಲ್ಲಿಗೇ ಮುಗಿಸಿದರು.

ರಾಜ್ಯೋತ್ಸವದ ವೇದಿಕೆಯಲ್ಲಿ ನಾನು ಸಾರಿ ಹೇಳದೆಯೇ ಕಪ್ ತೆಗೆದುಕೊಂಡೆ. ಮಲಯಾಳಿಗಳ ವಿರುದ್ಧದ ರೇಸಿಗೆ ಅಣ್ಣ ತಾವಾಗಿ ತಂಡದಿಂದ ಹೊರಗುಳಿದು ಕೊನೆಯ ಪಾಳಿ ನನಗೆ ಕೊಡಿಸಿದರು. ಸೋತೆವು, ಆದರೆ ಅವರಲ್ಲಿ ಇಬ್ಬರನ್ನು ನಾನು ಹಿಂದೆ ಹಾಕಿದ್ದೆ. ಅದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಆ ಚಳಿಗಾಲವಿಡೀ ಶುಕ್ರವಾರ ಮಧ್ಯಾಹ್ನ ಅಣ್ಣನದ್ದೇ ಫೋನು. "ಯಲ್ಲಾ, ಬರ್ತೀಯಾ?" ಎಂದು ಇಲ್ಲಿಯ ಅರಬ್ಬಿ ಬೆರೆಸಿ ಕರೆದರೆ ನಾವು ನಾಲ್ಕೈದು ಜನ ಕಾರ್ಟ್ ಓಡಿಸಲು ಹೊರಡಬೇಕು. ಯಾರಾದರೂ ಕಾಲು ಹಗುರ ಮಾಡಿದರೆ ಅವರ ಜೊತೆ ಮಾತು ಬಿಡುತ್ತೇನೆ ಎಂದಿದ್ದರು, ಹಾಗಾಗಿ ಯಾರೂ ಬಿಟ್ಟುಕೊಡಲಿಲ್ಲ. ಮೊದಮೊದಲು ಅವರೇ ಕೊನೆಯವರು. ನನ್ನ ಗಂಡನಿಗೂ ಸೋತರು, ಅದಕ್ಕಿಂತ ಕೆಳಗೆ ಹೋಗಲು ದಾರಿಯೇ ಇರಲಿಲ್ಲ. ಒಂದೊಂದು ಸಲ ಹೆಲ್ಮೆಟ್ ಕೊಟ್ಟು ಚಹಾಕ್ಕೂ ನಿಲ್ಲದೆ ಮನೆಗೆ ಹೋಗಿಬಿಡುತ್ತಿದ್ದರು. ಇವರ ಹಳೆಯ ಸುಖವನ್ನು ಕಸಿದುಕೊಂಡೆವೇನೋ ಎಂದು ನನಗೂ ಅನ್ನಿಸುತ್ತಿತ್ತು. ಆದರೂ ಮುಂದಿನ ಶುಕ್ರವಾರ ಫೋನು ಬರುತ್ತಿತ್ತು, ಬ್ರೇಕು ಸ್ವಲ್ಪ ತಡವಾಗಿ ಬೀಳುತ್ತಿತ್ತು.

ಬಿಸಿಲು ಮತ್ತೆ ಚುರುಗುಟ್ಟಲು ಶುರುವಾದ ಒಂದು ಶುಕ್ರವಾರ ನಾನು ಮುಂದಿದ್ದೆ, ಗೆದ್ದೆ ಎಂದೇ ತಿಳಿದಿದ್ದೆ. ತಿರುವಿಗೆ ಇಳಿಯುವಾಗ ಹಿಂದಿನಿಂದ ಧಡ್ ಎಂದು ಬಡಿಯಿತು. ಕಾರ್ಟು ಬುಗುರಿಯಂತೆ ಗಿರ್ರನೆ ತಿರುಗಿ, ನಾನು ಬಂದ ದಾರಿಗೇ ಮುಖ ಮಾಡಿಕೊಂಡು ನಿಂತಿತು. ಅಣ್ಣ ಪಕ್ಕದಿಂದ ಹೋದರು. ಮ್ಯಾನೇಜರು ಅವರ ಬೆನ್ನಿಗೇ ಬಿದ್ದು ಕೊನೆಯವರೆಗೂ ಒಳಗಿನಿಂದ ನುಗ್ಗಲು ನೋಡಿದರು, ಆಗಲಿಲ್ಲ.

ನಾನು ಕಾರ್ಟಿನಿಂದ ಇಳಿದು ಪಕ್ಕೆ ಹಿಡಿದುಕೊಂಡೇ ಬೈಯುತ್ತ ಬಂದೆ. ಅತ್ತಿಗೆ ಬೇಲಿಯ ಆಚೆಯಿಂದ ಕೂಗಿದರು, "ಎಂತ ಮಾಡಿದ್ದು ಇದು? ಅವಳಿಗೆ ಸಾರಿ ಹೇಳಿ!"

ಅಣ್ಣ ಹೆಲ್ಮೆಟ್ ತೆಗೆದರು. ಬೆವರಿನಲ್ಲಿ ಕೂದಲು ಹಣೆಗೆ ಅಂಟಿತ್ತು, ಮುಖ ಕೆಂಪಗಾಗಿತ್ತು. ಸಾಲುಗಟ್ಟಲೆ ಕಪ್ ತೆಗೆದುಕೊಂಡ ಯಾವ ವೇದಿಕೆಯ ಮೇಲೂ ಅವರನ್ನು ಹಾಗೆ ನಾನು ನೋಡಿರಲಿಲ್ಲ.

"ಎಂತಕ್ಕೆ ಸಾರಿ?" ಎಂದರು. "ಇವತ್ತು ಯಾರೂ ನಿಲ್ಲಲಿಲ್ಲ ಮಾರಾಯ್ತಿ. ನಾನು ಗೆದ್ದದ್ದು!"

ನನ್ನ ಪಕ್ಕೆ ಬಹಳ ದಿನ ನೋಯುತ್ತಿತ್ತು. ಆಫೀಸಿನಲ್ಲಿ ಏನಾಯಿತೆಂದು ಕೇಳಿದವರಿಗೆಲ್ಲ, ನಮ್ಮ ಅಣ್ಣ ಗುದ್ದಿದ್ದು ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ, ಎದೆಯುಬ್ಬಿಸಿದರೆ ಇನ್ನಷ್ಟು ನೋಯುತ್ತಿದ್ದರೂ.