ಲೆಟಿ ಅನ್ನುವ ಹೆಸರು

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಒಹಾಯೊ ನದಿ ದಾಟಿ ಬಂದವರ ಆ ಕೇರಿಯಲ್ಲಿ ಯಾರೂ ಯಾರ ಹಳೆಯ ಹೆಸರನ್ನೂ ಕೇಳುತ್ತಿರಲಿಲ್ಲ. ಬಂದವರು ಮೊದಲ ಊಟಕ್ಕೆ ಕೂರುವ ಮುಂಚೆ ಹೊಸ ಹೆಸರೊಂದನ್ನು ಹೇಳಬೇಕು, ಅಷ್ಟೇ. ಟ್ಯಾಬಿತಾ ಹಾಗೆ ಟ್ಯಾಬಿತಾ ಆಗಿ ಹನ್ನೊಂದು ವರ್ಷವಾಗಿತ್ತು. ಬೂದಿ ನೀರಿಗೆ ಹಂದಿ ಕೊಬ್ಬು ಹಾಕಿ ಅವಳು ಕುದಿಸುವ ಸೋಪಿಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಗಿರಾಕಿಗಳಿದ್ದರು. ಮನೆ, ಗಂಡ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಒಂದಿಷ್ಟು ಜಂಬ, ಎಲ್ಲವನ್ನೂ ಸಂಪಾದಿಸಿದ್ದಳು. ಲೆಟಿ ಅನ್ನುವ ಹಳೆಯ ಹೆಸರು ಗಂಡನಿಗೂ ಗೊತ್ತಿರಲಿಲ್ಲ.

ಓಡಿಬಂದವರನ್ನು ಎಲ್ಲಿ ಸಿಕ್ಕರೂ ಹಿಡಿದೊಯ್ಯಬಹುದೆಂಬ ಹಾಳು ಕಾನೂನು ಬಂದ ಮೇಲೆ, ಗಾಡಿಯ ಸದ್ದು ಕೇಳಿದರೆ ಸಾಕು, ಕೇರಿಯವರ ಎದೆ ಧಸಕ್ಕೆನ್ನುತ್ತಿತ್ತು. ಆ ಮಧ್ಯಾಹ್ನ ಬಂದವನು ಸೂಜಿ ದಾರ ಮಾರುವ ಬಿಳಿಯ. ಮಾರುವುದಕ್ಕಿಂತ ಹೆಚ್ಚಾಗಿ ಹೆಂಗಸರ ಮುಖಗಳನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಟ್ಯಾಬಿತಾಳ ಹಿತ್ತಲಿಗೇ ಬಂದುಬಿಟ್ಟ.

“ಸೂಜಿ ಮಾರೋನಿಗೆ ಹಿತ್ತಲಲ್ಲೇನಪ್ಪ ಕೆಲ್ಸ?” ಎಂದು ಪಕ್ಕದ ಮನೆಯ ಡಾರ್ಕಸ್ ಅಕ್ಕ ಬೇಲಿಯಾಚೆಯಿಂದ ಕುಟುಕಿದಳು.

ಅವನು ನಕ್ಕ. ಟ್ಯಾಬಿತಾ ಹಂಡೆಯ ಮುಂದೆ ಬಗ್ಗಿ ಸೋಪು ಕದಡುತ್ತಿದ್ದಳು. ಅವಳ ಬೆನ್ನ ಹಿಂದೆ ಬಂದು ನಿಂತು, ಇದ್ದಕ್ಕಿದ್ದಂತೆ ಕೂಗಿದ: “ಲೆಟಿ!”

ಕೋಲು ನಿಲ್ಲಲಿಲ್ಲ. ಹನ್ನೊಂದು ವರ್ಷ ಅವಳು ಅಭ್ಯಾಸ ಮಾಡಿದ್ದು ಇದೊಂದನ್ನೇ, ಆ ಹೆಸರಿಗೆ ತಿರುಗದೆ ಇರುವುದನ್ನು.

“ನದಿ ಆಚೆ ಕೆಂಟಕಿಲಿ ಒಬ್ಳು ಮುದುಕಿ ಇದಾಳೆ, ಎಡಗೈಲಿ ಎರಡು ಬೆರಳಿಲ್ಲ,” ಎಂದ ಅವನು, ತಣ್ಣಗೆ. “ಹಾಸಿಗೆ ಹಿಡಿದಿದಾಳೆ. ಮಗಳು ಲೆಟೀನ ಒಂದ್ಸಲ ನೋಡ್ಬೇಕು ಅಂತ ಜೀವ ಹಿಡ್ಕೊಂಡಿದಾಳೆ. ನಿಂಗೇನಾದ್ರೂ ಗೊತ್ತಾ?”

ಬೆರಳಿನ ಮಾತು ನಿಜ. ಆ ಗಾಯಕ್ಕೆ ಬಟ್ಟೆ ಕಟ್ಟಿದವಳೇ ಅವಳು. ಆದರೆ ಅದು ಅವಳ ಹಳೆಯ ಧಣಿಗೂ ಗೊತ್ತು. ಅವನೇ ಇವನಿಗೆ ಹೇಳಿಕೊಟ್ಟು ಕಳಿಸಿರಬಹುದು. ಅಮ್ಮ ನಿಜಕ್ಕೂ ಸಾಯುತ್ತಿರಲೂಬಹುದು. ಒಂದು ಮಾತು ವಿಚಾರಿಸಿದರೂ ಸಿಕ್ಕಿಬಿದ್ದಂತೆ.

“ಪಾಪ,” ಅಂದಳು. “ನಂಗೆ ಗೊತ್ತಿಲ್ಲ. ಸೋಪು ಬೇಕಾ ಸಾವ್ಕಾರ್ರೇ?”

“ನಿಮ್ಮಮ್ಮ ಹಾಗಿದ್ದಿದ್ರೆ ನೀನು ಹೋಗ್ತಿರ್ಲಿಲ್ವೇನಮ್ಮ?”

“ನಮ್ಮಮ್ಮ ಸತ್ತೋದ್ಲು.”

ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಒಂದು ಸೋಪು ಕೊಂಡು ಹೊರಟ. ಆದರೆ ಊರು ಬಿಡಲಿಲ್ಲ. ಹಳ್ಳದ ಪಕ್ಕ ಗಾಡಿ ನಿಲ್ಲಿಸಿ ಕುದುರೆ ಬಿಚ್ಚಿದ. ಅಲ್ಲಿಂದ ಅವಳ ಹಿತ್ತಲು ಚೆನ್ನಾಗಿ ಕಾಣುತ್ತಿತ್ತು.

ಡಾರ್ಕಸ್ ಬೇಲಿಗೆ ಒರಗಿ ದನಿ ತಗ್ಗಿಸಿದಳು. “ಅಮ್ಮ ಹೋಗಿದ್ದು ನಂಗೆ ಹೇಳೇ ಇಲ್ವಲ್ಲೇ, ಹುಡುಗಿ. ಯಾವಾಗ?”

ಅಳುವ ಹಾಗಿರಲಿಲ್ಲ, ಅವನು ನೋಡುತ್ತಿದ್ದ. ಟ್ಯಾಬಿತಾ ಕೋಲು ತಿರುಗಿಸುತ್ತಲೇ ಇದ್ದಳು.

“ಈಗ್ಲೇ, ಅಕ್ಕ,” ಅಂದಳು.